ಉತ್ತರ ಬಂದರೆ ಸಾಲದು: ಚಯಾಪಚಯ ಮಾದರಿಯ ಓಪನ್ ಸೋರ್ಸ್ ತಂತ್ರಾಂಶಕ್ಕೆ ವಿದ್ಯಾರ್ಥಿಯಾಗಿ ಕೋಡ್ ಬರೆಯುವುದು

ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಕೊಟ್ಟು ಆಮ್ಲಜನಕ ಪೂರ್ತಿ ನಿಲ್ಲಿಸಿದರೆ ಅದು ಎಷ್ಟು ಬೇಗ ಬೆಳೆಯುತ್ತದೆ? ಪ್ರಯೋಗಾಲಯದಲ್ಲಿ ಇದಕ್ಕೆ ಉತ್ತರ ಹುಡುಕಲು ಉಪಕರಣ ಬೇಕು, ಸಮಯ ಬೇಕು, ತಾಳ್ಮೆಯೂ ಬೇಕು. ಕೋಬ್ರಾಪೈ ಎಂಬ ಪೈಥಾನ್ ಲೈಬ್ರರಿ ಇದ್ದರೆ ನಾಲ್ಕೈದು ಸಾಲು ಕೋಡ್ ಸಾಕು. ಇ. ಕೋಲಿಯ ಚಯಾಪಚಯದ, ಅಂದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳ, ಒಂದು ಚಿಕ್ಕ ಗಣಿತ ಮಾದರಿ ಆ ಲೈಬ್ರರಿಯ ಜೊತೆಗೇ ಬರುತ್ತದೆ. ಓಡಿಸಿ ನೋಡಿದರೆ, ಆಮ್ಲಜನಕ ಇದ್ದಾಗ ಬೆಳವಣಿಗೆಯ ದರ ಗಂಟೆಗೆ 0.874. ಆಮ್ಲಜನಕ ನಿಲ್ಲಿಸಿದರೆ 0.212. ಅಂದರೆ ಮೊದಲು ಸುಮಾರು 48 ನಿಮಿಷಕ್ಕೆ ದುಪ್ಪಟ್ಟಾಗುತ್ತಿದ್ದ ಬ್ಯಾಕ್ಟೀರಿಯಾಕ್ಕೆ ಈಗ ಮೂರೂಕಾಲು ಗಂಟೆ ಬೇಕು.

ಇಂಥ ತಂತ್ರಾಂಶವನ್ನು ಬರೆಯುವವರು ಯಾರು? ಹೆಚ್ಚಾಗಿ ವಿಶ್ವವಿದ್ಯಾಲಯಗಳ ಚಿಕ್ಕ ಗುಂಪುಗಳು. ಪಿಎಚ್‌ಡಿ ಮಾಡುತ್ತಿರುವವರು, ಸಂಶೋಧನೆಯ ನಡುವೆ ಸಮಯ ಹೊಂದಿಸಿಕೊಂಡು ಕೋಡ್ ನೋಡಿಕೊಳ್ಳುವವರು. ಕೆಲಸ ಜಾಸ್ತಿ, ಕೈಗಳು ಕಡಿಮೆ. ಹಾಗಾಗಿ ವಿದ್ಯಾರ್ಥಿಗಳಿಗೆ ಇಲ್ಲಿ ನಿಜಕ್ಕೂ ಜಾಗ ಇದೆ.

ಆದರೆ "ಒಂದು ಹೊಸ ಅಲ್ಗಾರಿದಂ ಸೇರಿಸ್ತೀನಿ" ಎಂದು ಹೊರಡುವವರೇ ಜಾಸ್ತಿ. ನನಗೆ ಅನಿಸುವಂತೆ ಇಲ್ಲಿ ಹೆಚ್ಚು ಬೇಕಾಗಿರುವುದು ಬಂದ ಸಂಖ್ಯೆಯನ್ನು ಅನುಮಾನಿಸಿ ನೋಡುವವರು. ಯಾಕೆಂದರೆ ಈ ಕ್ಷೇತ್ರದಲ್ಲಿ ತಪ್ಪು ಉತ್ತರ ಬಂದಾಗ ಎಷ್ಟೋ ಸಲ ಎರರ್ ಮೆಸೇಜ್ ಬರುವುದೇ ಇಲ್ಲ. ಕೋಡ್ ಓಡುತ್ತದೆ, ಸಂಖ್ಯೆ ಬರುತ್ತದೆ, ಗ್ರಾಫ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಜೀವಶಾಸ್ತ್ರ ಮಾತ್ರ ತಪ್ಪಿರುತ್ತದೆ. ಇದು ಹೇಗೆ ಆಗುತ್ತದೆ, ವಿದ್ಯಾರ್ಥಿಯೊಬ್ಬರು ಇಲ್ಲಿ ಏನು ಮಾಡಬಹುದು ಎಂಬುದು ಗೊತ್ತಾಗಬೇಕಾದರೆ ಮೊದಲು ಮಾದರಿಯ ಒಳಗೆ ಏನಿದೆ ಎಂದು ನೋಡಬೇಕು.

ಮಾದರಿ ಎಂದರೆ ಒಂದು ದೊಡ್ಡ ಕೋಷ್ಟಕ

ಜೀವಕೋಶದೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳೆಲ್ಲ ಸೇರಿ ಚಯಾಪಚಯ. ಒಂದು ಕ್ರಿಯೆಯನ್ನು ಹತ್ತಿರದಿಂದ ನೋಡೋಣ. ಫ್ರಕ್ಟೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ರೂಪ ಮತ್ತು ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಒಂದು ಸೇರುತ್ತವೆ. ಫ್ರಕ್ಟೋಸ್-1,6-ಬಿಸ್‌ಫಾಸ್ಫೇಟ್, ಒಂದು ಎಡಿಪಿ, ಒಂದು ಹೈಡ್ರೋಜನ್ ಅಯಾನು ಹೊರಬರುತ್ತವೆ. ಇದನ್ನು ಮಾಡಿಸುವ ಕಿಣ್ವ ಫಾಸ್ಫೋಫ್ರಕ್ಟೋಕೈನೇಸ್, ಚಿಕ್ಕದಾಗಿ ಪಿಎಫ್‌ಕೆ. ಕಂಪ್ಯೂಟರಿಗೆ ಇದು ಬರೀ ಒಂದು ಕಾಲಂ. ಖರ್ಚಾದ ಎರಡು ವಸ್ತುಗಳ ಎದುರು −1, ತಯಾರಾದ ಮೂರರ ಎದುರು +1, ಉಳಿದ ಎಲ್ಲದರ ಎದುರು ಸೊನ್ನೆ.

ಹೀಗೆ ಪ್ರತಿ ಕ್ರಿಯೆಗೂ ಒಂದು ಕಾಲಂ, ಪ್ರತಿ ವಸ್ತುವಿಗೂ ಒಂದು ಸಾಲು ಬರೆದರೆ ಮ್ಯಾಟ್ರಿಕ್ಸ್ ತಯಾರು. ಇ. ಕೋಲಿಯ ಚಿಕ್ಕ ಮಾದರಿಯಲ್ಲಿ 72 ಸಾಲು, 95 ಕಾಲಂ, 137 ಜೀನ್ ಇವೆ. 2017ರಲ್ಲಿ ಪ್ರಕಟವಾದ ಐಎಂಎಲ್1515 ಎಂಬ ಪೂರ್ಣ ಪ್ರಮಾಣದ ಇ. ಕೋಲಿ ಮಾದರಿಯಲ್ಲಿ 1,515 ಜೀನ್‌ಗಳಿವೆ. ಹೆಸರಿನಲ್ಲಿರುವ ಸಂಖ್ಯೆಯೇ ಜೀನ್‌ಗಳ ಲೆಕ್ಕ. ಮನುಷ್ಯನ ಚಯಾಪಚಯದ ರೀಕಾನ್3ಡಿ ಮಾದರಿ 2018ರಲ್ಲಿ ಬಂತು. ಅದರಲ್ಲಿ 13,543 ಕ್ರಿಯೆಗಳು.

ಈಗ ಒಂದು ಊಹೆ ಬೇಕು. ಜೀವಕೋಶದೊಳಗಿನ ಪ್ರತಿಯೊಂದು ವಸ್ತುವೂ ಎಷ್ಟು ತಯಾರಾಗುತ್ತದೋ ಅಷ್ಟೇ ಖರ್ಚಾಗುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಒಂದು ಕಡೆಯಿಂದ ನೀರು ಬರುತ್ತಾ ಇನ್ನೊಂದು ಕಡೆಯಿಂದ ಅಷ್ಟೇ ಹೋಗುತ್ತಾ ಇದ್ದರೆ ತೊಟ್ಟಿಯಲ್ಲಿನ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹಾಗೆ. ಈ ಊಹೆಯಿಂದ ಪ್ರತಿ ವಸ್ತುವಿಗೂ ಒಂದು ಸಮೀಕರಣ ಸಿಗುತ್ತದೆ. ಕಂಡುಹಿಡಿಯಬೇಕಾದದ್ದು ಪ್ರತಿ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತಿದೆ ಎಂಬುದು. ಈ ವೇಗಕ್ಕೆ ಫ್ಲಕ್ಸ್ ಎನ್ನುತ್ತಾರೆ. ಒಂದು ಗ್ರಾಂ ಒಣ ತೂಕದ ಜೀವಕೋಶಗಳಲ್ಲಿ ಗಂಟೆಗೆ ಎಷ್ಟು ಮಿಲಿಮೋಲ್ ಎಂದು ಇದನ್ನು ಅಳೆಯುತ್ತಾರೆ.

ಇಲ್ಲಿ ಒಂದು ತೊಡಕಿದೆ. ಸಮೀಕರಣ 72, ಗೊತ್ತಿಲ್ಲದ ಸಂಖ್ಯೆಗಳು 95. ಶಾಲೆಯಲ್ಲಿ ಎರಡು ಸಮೀಕರಣದಿಂದ ಎರಡು ಸಂಖ್ಯೆ ಕಂಡುಹಿಡಿದ ಹಾಗೆ ಇಲ್ಲಿ ಆಗುವುದಿಲ್ಲ. ಉತ್ತರಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ಎರಡು ವಿಷಯ ಸೇರಿಸುತ್ತೇವೆ. ಮೊದಲನೆಯದು ಮಿತಿಗಳು: ಈ ಕ್ರಿಯೆ ಹಿಂದಕ್ಕೆ ನಡೆಯುವುದಿಲ್ಲ, ಗ್ಲೂಕೋಸ್ 10ಕ್ಕಿಂತ ಜಾಸ್ತಿ ಒಳಗೆ ಬರುವುದಿಲ್ಲ, ಹೀಗೆ. ಎರಡನೆಯದು ಗುರಿ. ಸಾಮಾನ್ಯವಾಗಿ ಗುರಿ ಬೆಳವಣಿಗೆ. ಒಂದು ಹೊಸ ಜೀವಕೋಶ ಕಟ್ಟಲು ಬೇಕಾದ ವಸ್ತುಗಳನ್ನೆಲ್ಲ ಸರಿಯಾದ ಪ್ರಮಾಣದಲ್ಲಿ ಬಳಸುವ ಬಯೋಮಾಸ್ ಎಂಬ ಒಂದು ಕಾಲ್ಪನಿಕ ಕ್ರಿಯೆ ಮಾದರಿಯಲ್ಲಿರುತ್ತದೆ. ಅದರ ಫ್ಲಕ್ಸ್ ಅನ್ನು ಎಷ್ಟಾಗುತ್ತದೋ ಅಷ್ಟು ಹೆಚ್ಚಿಸು ಎಂದು ಕಂಪ್ಯೂಟರಿಗೆ ಹೇಳುತ್ತೇವೆ. ಮಿತಿಗಳ ಒಳಗೆ ಇದ್ದುಕೊಂಡು ಗುರಿಯನ್ನು ಹೆಚ್ಚಿಸುವ ಈ ಗಣಿತಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಎಂದು ಹೆಸರು. ಚಯಾಪಚಯಕ್ಕೆ ಇದನ್ನು ಬಳಸುವ ವಿಧಾನ ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್, ಅಂದರೆ ಎಫ್‌ಬಿಎ.

ಹೊಸಬರು ಎಡವುವ ಒಂದು ಚಿಕ್ಕ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜೀವಕೋಶ ಮತ್ತು ಹೊರಗಿನ ನಡುವಿನ ವಿನಿಮಯ ಕ್ರಿಯೆಗಳನ್ನು "ವಸ್ತು ಹೊರಗೆ ಹೋಗುತ್ತದೆ" ಎಂಬ ದಿಕ್ಕಿನಲ್ಲಿ ಬರೆಯುವುದು ರೂಢಿ. ಹಾಗಾಗಿ ಗ್ಲೂಕೋಸ್ ಒಳಗೆ ಬಂದರೆ ಆ ಫ್ಲಕ್ಸ್ ಋಣ ಸಂಖ್ಯೆ. ಕೆಳಮಿತಿ −10 ಎಂದರೆ 10ರಷ್ಟು ಒಳಗೆ ಬರಬಹುದು ಎಂದರ್ಥ. ಆದರೆ ಕೋಬ್ರಾಪೈಯ ಮೀಡಿಯಂ ಎಂಬ ಸೌಲಭ್ಯದ ಮೂಲಕ ಆಹಾರ ಕೊಡುವಾಗ ಅದನ್ನೇ ಧನ ಸಂಖ್ಯೆ 10 ಎಂದು ಬರೆಯಬೇಕು. ಎರಡೂ ಸರಿ, ಎರಡೂ ಒಂದೇ. ಗೊತ್ತಿಲ್ಲದಿದ್ದರೆ ಮಾತ್ರ ತಲೆ ಕೆಡುತ್ತದೆ.

ಯಾವ ಪದರದಲ್ಲಿ ಏನು

ಇಡೀ ಜೀನೋಮಿನ ಮಟ್ಟದ ಮೊದಲ ಚಯಾಪಚಯ ಮಾದರಿ 1999ರದ್ದು, ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ್ದು. 2007ರಲ್ಲಿ ಮ್ಯಾಟ್‌ಲ್ಯಾಬ್‌ಗಾಗಿ ಕೋಬ್ರಾ ಟೂಲ್‌ಬಾಕ್ಸ್ ಬಂತು. ಪೈಥಾನ್ ಬಳಸುವವರಿಗೆ ಕೋಬ್ರಾಪೈ 2013ರಲ್ಲಿ ಪ್ರಕಟವಾಯಿತು. ಮ್ಯಾಟ್‌ಲ್ಯಾಬ್‌ಗೆ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು, ಪೈಥಾನ್ ಉಚಿತ. ವಿದ್ಯಾರ್ಥಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ?

ಕೋಬ್ರಾಪೈ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮಾದರಿ, ಕ್ರಿಯೆ, ಜೀನ್ ಎಂಬ ಜೀವಶಾಸ್ತ್ರದ ಭಾಷೆ ಅದರದ್ದು. ಅದರ ಕೆಳಗೆ ಆಪ್ಟ್‌ಲ್ಯಾಂಗ್ ಎಂಬ ಇನ್ನೊಂದು ಲೈಬ್ರರಿ ಇದೆ. ಅದು ಗಣಿತದ ಸಮಸ್ಯೆಯನ್ನು ಬರೆದುಕೊಂಡು ಸಾಲ್ವರ್‌ಗೆ, ಅಂದರೆ ಆ ಸಮಸ್ಯೆಯನ್ನು ಬಿಡಿಸುವ ತಂತ್ರಾಂಶಕ್ಕೆ, ದಾಟಿಸುತ್ತದೆ. ಎಲ್ಲದಕ್ಕಿಂತ ಕೆಳಗೆ ಸಾಲ್ವರ್. ಉಚಿತವಾಗಿ ಸಿಗುವ ಜಿಎಲ್‌ಪಿಕೆ ಇರಬಹುದು, ವಾಣಿಜ್ಯ ಸಾಲ್ವರ್‌ಗಳಾದ ಗುರೋಬಿ, ಸಿಪ್ಲೆಕ್ಸ್ ಇರಬಹುದು. ಪಕ್ಕದಲ್ಲಿ ಇನ್ನಷ್ಟು ಸಾಧನಗಳಿವೆ. ಮಾದರಿಗಳನ್ನು ಹಂಚಿಕೊಳ್ಳಲು ಎಸ್‌ಬಿಎಂಎಲ್ ಎಂಬ ಫೈಲ್ ರೂಪ, ಫ್ಲಕ್ಸ್‌ಗಳನ್ನು ನಕ್ಷೆಯ ಮೇಲೆ ತೋರಿಸಲು ಎಷರ್, ಮಾದರಿಯ ಗುಣಮಟ್ಟ ಪರೀಕ್ಷಿಸಲು ಮೆಮೋಟ್.

ಇದನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ನಿಮಗೆ ಬಗ್ ಸಿಕ್ಕಿದಾಗ ಅದು ಯಾವ ಪದರದಲ್ಲಿದೆ ಎಂದು ಕಂಡುಹಿಡಿಯುವುದೇ ಅರ್ಧ ಕೆಲಸ. ಸಾಲ್ವರ್ ಬದಲಿಸಿದ ತಕ್ಷಣ ತೊಂದರೆ ಮಾಯವಾದರೆ ಅನುಮಾನ ಕೆಳಗಿನ ಪದರಗಳ ಮೇಲೆ. ಬೇರೆ ಮಾದರಿ ಹಾಕಿದಾಗ ಮಾಯವಾದರೆ ಬಹುಶಃ ಮಾದರಿಯ ಫೈಲಿನಲ್ಲೇ ಏನೋ ಇದೆ. ಇಷ್ಟನ್ನು ಪರೀಕ್ಷಿಸಿ ಬರೆದ ಒಂದು ಇಶ್ಯೂ (ಕೋಡ್ ಇರುವ ತಾಣದಲ್ಲಿ ಹಾಕುವ ತೊಂದರೆಯ ವರದಿ), ಒಂದು ಸಾಲು ಕೋಡ್ ಇಲ್ಲದಿದ್ದರೂ, ಒಳ್ಳೆಯ ಕೊಡುಗೆಯೇ.

ಊಟವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ

ಈಗ ಸದ್ದಿಲ್ಲದ ತಪ್ಪುಗಳ ಕಡೆ ಬರೋಣ. ನನಗೆ ಬಹಳ ಮುಖ್ಯ ಅನಿಸುವ ಭಾಗ ಇದು.

ಯಾವ ಯಾವ ಆಹಾರದಲ್ಲಿ ಇ. ಕೋಲಿ ಬೆಳೆಯುತ್ತದೆ ಎಂದು ಪಟ್ಟಿ ಮಾಡುವ ಒಂದು ಫಂಕ್ಷನ್ ಬರೆಯಬೇಕು ಎಂದುಕೊಳ್ಳಿ. ಯೋಚನೆ ಸರಳ. ಪ್ರತಿ ಆಹಾರವನ್ನೂ ಕೊಟ್ಟು ಬೆಳವಣಿಗೆ ಲೆಕ್ಕ ಹಾಕುವುದು. 0.001ಕ್ಕಿಂತ ಕಡಿಮೆ ಬಂದರೆ "ಬೆಳೆಯುವುದಿಲ್ಲ" ಎಂಬ ಪಟ್ಟಿಗೆ, ಇಲ್ಲದಿದ್ದರೆ "ಬೆಳೆಯುತ್ತದೆ" ಎಂಬ ಪಟ್ಟಿಗೆ ಹಾಕುವುದು. ವೇಗಕ್ಕಾಗಿ ಕೋಬ್ರಾಪೈಯ ಸ್ಲಿಮ್ ಆಪ್ಟಿಮೈಜ್ ಬಳಸುತ್ತೀರಿ. ಅದು ಎಲ್ಲ ಫ್ಲಕ್ಸ್‌ಗಳನ್ನು ಕೊಡುವ ಗೋಜಿಗೆ ಹೋಗದೆ ಗುರಿಯ ಸಂಖ್ಯೆಯನ್ನಷ್ಟೇ ಕೊಡುತ್ತದೆ.

ಈಗ ಗ್ಲೂಕೋಸ್ ಅನ್ನು ಪೂರ್ತಿ ಮುಚ್ಚಿ, ಬೇರೆ ಏನೂ ಕೊಡದೆ ಓಡಿಸಿ. ಬೆಳವಣಿಗೆ ಸೊನ್ನೆ ಬರಬೇಕು ಎಂದು ನಮಗೆ ಅನಿಸುತ್ತದೆ. ಸೊನ್ನೆ ಬರುವುದಿಲ್ಲ. ಕಾರಣ ಮಾದರಿಯ ಒಂದು ಮಿತಿಯಲ್ಲಿದೆ. ಜೀವಕೋಶ ಬೆಳೆಯದೆ ಸುಮ್ನೆ ಬದುಕಿರಲೂ ಶಕ್ತಿ ಬೇಕು. ಅದಕ್ಕಾಗಿ ಕನಿಷ್ಠ 8.39ರಷ್ಟು ಎಟಿಪಿ ಖರ್ಚಾಗಲೇಬೇಕು ಎಂದು ಈ ಚಿಕ್ಕ ಮಾದರಿಯಲ್ಲಿ ಬರೆದಿಟ್ಟಿದ್ದಾರೆ. ಊಟವೇ ಇಲ್ಲದಿದ್ದರೆ ಆ ಎಟಿಪಿ ಎಲ್ಲಿಂದ ಬರಬೇಕು? ಎಲ್ಲ ಮಿತಿಗಳನ್ನೂ ಒಟ್ಟಿಗೆ ಪಾಲಿಸುವ ಉತ್ತರ ಒಂದೂ ಇಲ್ಲ. ಇಂಥ ಸ್ಥಿತಿಯನ್ನು ಸಾಲ್ವರ್ "ಇನ್‌ಫೀಸಿಬಲ್" ಎಂದು ಹೇಳುತ್ತದೆ. ಆಗ ಸ್ಲಿಮ್ ಆಪ್ಟಿಮೈಜ್ ಕೊಡುವುದು ಸಂಖ್ಯೆಯಲ್ಲದ ಸಂಖ್ಯೆ, ಅಂದರೆ ನ್ಯಾನ್.

ಪೈಥಾನ್‌ನಲ್ಲಿ ನ್ಯಾನ್ ಅನ್ನು ಯಾವುದರ ಜೊತೆ ಹೋಲಿಸಿ ಚಿಕ್ಕದೇ, ದೊಡ್ಡದೇ ಎಂದು ಕೇಳಿದರೂ ಉತ್ತರ "ಅಲ್ಲ". ನ್ಯಾನ್ 0.001ಕ್ಕಿಂತ ಕಡಿಮೆಯಾ? ಅಲ್ಲ. ಹಾಗಾದರೆ ನಮ್ಮ ಫಂಕ್ಷನ್ ಅದನ್ನು ಎಲ್ಲಿ ಹಾಕುತ್ತದೆ? "ಬೆಳೆಯುತ್ತದೆ" ಪಟ್ಟಿಗೆ. ಊಟವೇ ಇಲ್ಲದ ಬ್ಯಾಕ್ಟೀರಿಯಾ ಬೆಳೆಯುತ್ತಿದೆ ಎಂದು ನಮ್ಮ ತಂತ್ರಾಂಶ ಹೇಳುತ್ತಿದೆ. ಎರರ್ ಇಲ್ಲ. ಇಪ್ಪತ್ತು ಆಹಾರಗಳ ಪಟ್ಟಿಯಲ್ಲಿ ಇದು ಸೇರಿಹೋದರೆ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಸರಿಮಾಡಲು ನ್ಯಾನ್ ಬಂದರೆ ಸೊನ್ನೆ ಎಂದುಕೊಳ್ಳೋಣ ಎಂದು ಅನಿಸಬಹುದು. ಅದಕ್ಕೆ ಮೊದಲು ಇನ್ನೊಂದು ಪ್ರಯೋಗ ಮಾಡಿ. ಗ್ಲೂಕೋಸ್ ತೆರೆದಿಡಿ, ಅಮೋನಿಯಂ ಮುಚ್ಚಿ. ಈ ಮಾದರಿಯ ಮಾಮೂಲು ಆಹಾರದಲ್ಲಿ ಸಾರಜನಕ ಸಿಗುವುದು ಅದರಿಂದ ಮಾತ್ರ. ಸಾರಜನಕ ಇಲ್ಲದೆ ಪ್ರೋಟೀನ್ ಇಲ್ಲ, ಹಾಗಾಗಿ ಬೆಳವಣಿಗೆ ಇಲ್ಲ. ಆದರೆ ಗ್ಲೂಕೋಸ್ ಉರಿಸಿ ಎಟಿಪಿ ಮಾಡಿಕೊಳ್ಳಬಹುದು. ಈ ಸಲ ಉತ್ತರ ನಿಜವಾದ ಸೊನ್ನೆ. ಜೀವಕೋಶ ಬದುಕಿದೆ, ಬೆಳೆಯುತ್ತಿಲ್ಲ. ಮೊದಲನೆಯದರಲ್ಲಿ ಬದುಕುವುದಕ್ಕೇ ಆಗುತ್ತಿರಲಿಲ್ಲ. ಎರಡೂ ಬೇರೆ ಬೇರೆ ಉತ್ತರಗಳು. ಒಳ್ಳೆಯ ಫಂಕ್ಷನ್ ಇವೆರಡನ್ನೂ ಬೇರೆಯಾಗಿಯೇ ಹೇಳಬೇಕು. ಅದಕ್ಕೆ ಬರೆಯುವ ಟೆಸ್ಟ್‌ನಲ್ಲಿ, ಅಂದರೆ ಫಂಕ್ಷನ್ ಸರಿಯಾಗಿದೆಯಾ ಎಂದು ಪರೀಕ್ಷಿಸುವ ಕೋಡ್‌ನಲ್ಲಿ, ಮೂರು ಸಂದರ್ಭಗಳಿರಬೇಕು: ಎಲ್ಲ ಇದ್ದಾಗ, ಸಾರಜನಕ ಇಲ್ಲದಾಗ, ಊಟವೇ ಇಲ್ಲದಾಗ.

ನೋಡಿ, ಇಲ್ಲಿ ಕೋಡ್ ಬರೆದದ್ದು ನಾಲ್ಕು ಸಾಲು. ಆದರೆ ಆ ನಾಲ್ಕು ಸಾಲು ಸರಿಯಾಗಿ ಬರೆಯಲು ಸಾಲ್ವರ್ ಏನು ಹೇಳುತ್ತದೆ, ಪೈಥಾನ್ ಏನು ಮಾಡುತ್ತದೆ, ಜೀವಕೋಶಕ್ಕೆ ಏನು ಬೇಕು ಎಂಬ ಮೂರೂ ಗೊತ್ತಿರಬೇಕು. ಮೂರನ್ನೂ ಸ್ವಲ್ಪ ಸ್ವಲ್ಪ ಬಲ್ಲವರು ಕಡಿಮೆ. ಓದುವ ವಯಸ್ಸಿನಲ್ಲಿ ಇದನ್ನು ಕಲಿಯುವುದು ಸುಲಭ, ಆ ಕಲಿಕೆಗೆ ಇಲ್ಲಿ ನಿಜವಾದ ಬೆಲೆ ಇದೆ.

ಒಂದೇ ಬೆಳವಣಿಗೆ, ಬೇರೆ ಬೇರೆ ದಾರಿ

ಇನ್ನೊಂದು ಸದ್ದಿಲ್ಲದ ತಪ್ಪು ಟೆಸ್ಟ್ ಬರೆಯುವವರನ್ನು ಕಾಡುತ್ತದೆ. ಸಮೀಕರಣಗಳಿಗಿಂತ ಗೊತ್ತಿಲ್ಲದ ಸಂಖ್ಯೆಗಳು ಜಾಸ್ತಿ ಎಂದೆನಲ್ಲ, ಗುರಿ ಕೊಟ್ಟ ಮೇಲೂ ಆ ತೊಡಕು ಪೂರ್ತಿ ಹೋಗುವುದಿಲ್ಲ. ಅತಿ ಹೆಚ್ಚಿನ ಬೆಳವಣಿಗೆ ಒಂದೇ ಸಂಖ್ಯೆ. ಆದರೆ ಅದನ್ನು ತಲುಪುವ ಫ್ಲಕ್ಸ್‌ಗಳ ಜೋಡಣೆ ಹಲವು ಇರಬಹುದು.

ಚಿಕ್ಕ ಇ. ಕೋಲಿ ಮಾದರಿಯಲ್ಲೇ ಇದನ್ನು ಕಾಣಬಹುದು. ಸಕ್ಸಿನೇಟ್ ಅನ್ನು ಫ್ಯೂಮರೇಟ್ ಮಾಡುವ ಒಂದು ಕ್ರಿಯೆ ಇದೆ. ಫ್ಯೂಮರೇಟ್ ಅನ್ನು ವಾಪಸ್ ಸಕ್ಸಿನೇಟ್ ಮಾಡುವ ಇನ್ನೊಂದು ಕ್ರಿಯೆಯೂ ಇದೆ. ಎರಡೂ ಒಟ್ಟಿಗೆ ನಡೆದರೆ ಸುತ್ತು. ಏನೂ ಖರ್ಚಿಲ್ಲ, ಏನೂ ಲಾಭವಿಲ್ಲ. ಗಣಿತಕ್ಕೆ ಇದರಿಂದ ಯಾವ ತಕರಾರೂ ಇಲ್ಲ, ಹಾಗಾಗಿ ಸುತ್ತು ಎಷ್ಟು ಬೇಕಾದರೂ ತಿರುಗಬಹುದು. ನಿಜ ಜೀವಕೋಶದಲ್ಲಿ ಶಕ್ತಿಯ ಇಳಿಜಾರು ಇಲ್ಲದೆ ಇಂಥ ಸುತ್ತು ತಾನಾಗಿ ತಿರುಗುವುದಿಲ್ಲ. ಬೆಳವಣಿಗೆ 0.874 ಇದ್ದಾಗ ಮೊದಲ ಕ್ರಿಯೆಯ ಫ್ಲಕ್ಸ್ 5.06 ಇರಬಹುದು, ಎರಡನೆಯದು ಸೊನ್ನೆ. ಅಥವಾ ಮೊದಲನೆಯದು ಮಾದರಿಯಲ್ಲಿ ಅದಕ್ಕೆ ಇಟ್ಟಿರುವ 1000ದ ಮೇಲ್ಮಿತಿ ಮುಟ್ಟಿರಬಹುದು, ಎರಡನೆಯದು ಸುಮಾರು 995. ಬೆಳವಣಿಗೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಈಗ ನೀವು "ಮೊದಲ ಕ್ರಿಯೆಯ ಫ್ಲಕ್ಸ್ 5.06 ಇರಬೇಕು" ಎಂದು ಟೆಸ್ಟ್ ಬರೆದಿರಿ. ನಿಮ್ಮ ಕಂಪ್ಯೂಟರಿನಲ್ಲಿ ಪಾಸ್ ಆಯಿತು. ಬೇರೆ ಸಾಲ್ವರ್, ಅಥವಾ ಅದೇ ಸಾಲ್ವರ್‌ನ ಹೊಸ ಆವೃತ್ತಿ ಬಂದಾಗ ಫೇಲ್ ಆಗಬಹುದು. ಆಗ ಯಾರೋ ಒಬ್ಬರು ಇಲ್ಲದ ಬಗ್ ಹುಡುಕುತ್ತಾ ಕೂರುತ್ತಾರೆ. ಹಾಗಾಗಿ ಟೆಸ್ಟ್ ಮಾಡಬೇಕಾದದ್ದು ಗಣಿತ ಖಚಿತವಾಗಿ ಹೇಳುವುದನ್ನು ಮಾತ್ರ. ಬೆಳವಣಿಗೆಯ ಸಂಖ್ಯೆ ಖಚಿತ. ಆ ಎರಡು ಫ್ಲಕ್ಸ್‌ಗಳ ವ್ಯತ್ಯಾಸ ಖಚಿತ. ಒಂದೊಂದರ ಬೆಲೆ ಖಚಿತವಲ್ಲ.

ಪ್ರತಿ ಕ್ರಿಯೆಯ ಫ್ಲಕ್ಸ್ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ತಿಳಿಯಲು ಫ್ಲಕ್ಸ್ ವೇರಿಯಬಿಲಿಟಿ ಅನಾಲಿಸಿಸ್ ಇದೆ. ಪ್ರತಿ ಕ್ರಿಯೆಗೂ ಒಮ್ಮೆ ಕನಿಷ್ಠ, ಒಮ್ಮೆ ಗರಿಷ್ಠ ಲೆಕ್ಕ. 95 ಕ್ರಿಯೆಗೆ 190 ಸಲ, ರೀಕಾನ್3ಡಿಗೆ 27,086 ಸಲ. ವೇಗ ಹೆಚ್ಚಿಸುವ ಕೆಲಸಕ್ಕೆ ಇಲ್ಲಿ ಬೇಡಿಕೆ ಯಾಕಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ.

ಸಂಖ್ಯೆಗಳನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಸಾಲ್ವರ್ ಲೆಕ್ಕ ಮಾಡುವುದು ದಶಮಾಂಶ ಸಂಖ್ಯೆಗಳಲ್ಲಿ, ಒಂದು ಸಣ್ಣ ರಿಯಾಯಿತಿಯೊಳಗೆ. ಕೋಬ್ರಾಪೈಯಲ್ಲಿ ಮಾಮೂಲಾಗಿ ಅದು 0.0000001. ಸೊನ್ನೆಗೆ ಬದಲು ಅದಕ್ಕಿಂತಲೂ ಚಿಕ್ಕದಾದ ಯಾವುದೋ ಸಂಖ್ಯೆ ಬಂದರೆ ಅದು ಸೊನ್ನೆಯೇ. ಸರಿಸಮ ಎಂದು ಹೋಲಿಸಬೇಡಿ, ಹತ್ತಿರ ಇದೆಯಾ ಎಂದು ಹೋಲಿಸಿ.

ಜೀನ್ ತೆಗೆದರೆ ಏನಾಗುತ್ತದೆ

ಮಾದರಿಯಲ್ಲಿ ಕ್ರಿಯೆಗೂ ಜೀನ್‌ಗೂ ನಡುವೆ ಒಂದು ನಿಯಮ ಇರುತ್ತದೆ. ಪಿಎಫ್‌ಕೆ ಕ್ರಿಯೆಯನ್ನು ಇ. ಕೋಲಿಯಲ್ಲಿ ಎರಡು ಜೀನ್‌ಗಳಲ್ಲಿ ಯಾವುದಾದರೂ ಒಂದು ನಡೆಸಬಲ್ಲದು: ಪಿಎಫ್‌ಕೆಎ ಅಥವಾ ಪಿಎಫ್‌ಕೆಬಿ. ಒಂದನ್ನು ತೆಗೆದರೆ ಮಾದರಿಗೆ ಏನೂ ಆಗುವುದಿಲ್ಲ, ಬೆಳವಣಿಗೆ 0.874ರಲ್ಲೇ ಉಳಿಯುತ್ತದೆ. ಎರಡನ್ನೂ ತೆಗೆದರೆ ಆ ಕ್ರಿಯೆ ನಿಲ್ಲುತ್ತದೆ, ಬೆಳವಣಿಗೆ 0.704ಕ್ಕೆ ಇಳಿಯುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ ಪೆಂಟೋಸ್ ಫಾಸ್ಫೇಟ್ ಎಂಬ ಬಳಸುದಾರಿ ಇದೆ. ಮೇಲೆ ಹೇಳಿದ ಸಕ್ಸಿನೇಟ್ ಕ್ರಿಯೆಯ ಕಥೆ ಬೇರೆ. ಅದರ ಕಿಣ್ವ ನಾಲ್ಕು ಭಾಗಗಳು ಸೇರಿ ಆದದ್ದು. ನಾಲ್ಕು ಜೀನ್‌ಗಳೂ ಬೇಕು, ಒಂದು ಹೋದರೂ ಕ್ರಿಯೆ ನಿಲ್ಲುತ್ತದೆ.

"ಅಥವಾ" ಮತ್ತು "ಮತ್ತು", ಇಷ್ಟೇ ತರ್ಕ. ಆದರೆ ಇದು ಫೈಲಿನಲ್ಲಿ ಪಠ್ಯವಾಗಿ ಇರುತ್ತದೆ. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಥರ ಬರೆದಿರುತ್ತಾರೆ. ದೊಡ್ಡಕ್ಷರ, ಚಿಕ್ಕಕ್ಷರ, ಮರೆತುಹೋದ ಒಂದು ಆವರಣ ಚಿಹ್ನೆ. "ಎ ಮತ್ತು ಬಿ ಅಥವಾ ಸಿ" ಎಂಬಲ್ಲಿ ಆವರಣ ಎಲ್ಲಿದೆ ಎಂಬುದರ ಮೇಲೆ ಯಾವ ಜೀನ್ ಇಲ್ಲದೆ ಜೀವಕೋಶ ಬದುಕುತ್ತದೆ ಎಂಬ ಉತ್ತರವೇ ಬದಲಾಗುತ್ತದೆ. ಹಳೆಯ ಮಾದರಿ ಫೈಲುಗಳನ್ನು ತೆರೆದು, ಎಲ್ಲಿ ಎಚ್ಚರಿಕೆ ಬರುತ್ತದೆ ಎಂದು ನೋಡಿ ಚಿಕ್ಕ ಉದಾಹರಣೆ ಸಮೇತ ಇಶ್ಯೂ ಹಾಕುವುದು ಯಾವ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ.

ಕೆಲಸಕ್ಕೆ ಇಳಿಯುವುದು

ಇಷ್ಟು ಓದಿದ ಮೇಲೆ ಕೋಡ್ ಕಡೆ ಹೋಗುವುದು ಸುಲಭ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಿಂದ ಕೋಡ್ ಇಳಿಸಿಕೊಳ್ಳಿ. ಅದಕ್ಕೆಂದೇ ಒಂದು ಪ್ರತ್ಯೇಕ ಪೈಥಾನ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಯಾವ ಸಾಲನ್ನೂ ಬದಲಿಸುವ ಮೊದಲೇ ಎಲ್ಲ ಟೆಸ್ಟ್‌ಗಳನ್ನೂ ಒಮ್ಮೆ ಓಡಿಸಿ. ಮೊದಲೇ ಯಾವುದು ಫೇಲ್ ಆಗುತ್ತಿತ್ತು ಎಂದು ಗೊತ್ತಿದ್ದರೆ ಆಮೇಲೆ ನಿಮ್ಮಿಂದ ಏನು ಕೆಟ್ಟಿತು ಎಂದು ಹೇಳಬಹುದು. ಕೋಬ್ರಾಪೈ ಪೈಟೆಸ್ಟ್ ಬಳಸುತ್ತದೆ. ನಿಜ ಹೇಳಬೇಕೆಂದರೆ ಟೆಸ್ಟ್ ಫೈಲುಗಳೇ ಈ ಲೈಬ್ರರಿಯ ಒಳ್ಳೆಯ ಪಾಠಗಳು. ಪ್ರತಿ ಫಂಕ್ಷನ್‌ನಿಂದ ಏನು ನಿರೀಕ್ಷೆ ಎಂದು ಅಲ್ಲಿ ಬರೆದಿರುತ್ತದೆ.

ಮೊದಲ ಕೊಡುಗೆ ಚಿಕ್ಕದಿರಲಿ. ದಾಖಲೆಯಲ್ಲಿನ ಒಂದು ಉದಾಹರಣೆ ಈಗಿನ ಆವೃತ್ತಿಯಲ್ಲಿ ಓಡುತ್ತಿಲ್ಲವಾ? ಅದನ್ನು ಸರಿಮಾಡಿ. ಎರರ್ ಮೆಸೇಜ್ ಅರ್ಥವಾಗುವಂತಿಲ್ಲವಾ? ಅದನ್ನು ತಿದ್ದಿ. ಯಾವುದಾದರೂ ಇಶ್ಯೂ ತೆಗೆದುಕೊಳ್ಳುವುದಾದರೆ ಮೊದಲು ಅದರ ಕೆಳಗೆ ಬರೆಯಿರಿ: "ಇದು ನನ್ನ ಕಂಪ್ಯೂಟರಿನಲ್ಲೂ ಆಗುತ್ತಿದೆ, ಇಂಥ ಆವೃತ್ತಿ, ಇಂಥ ಸಾಲ್ವರ್, ಈ ಆರು ಸಾಲಿನ ಕೋಡ್‌ನಿಂದ ಆಗುತ್ತದೆ, ಹೀಗೆ ಸರಿಮಾಡೋಣ ಅಂತಿದ್ದೇನೆ." ಇಷ್ಟು ಬರೆದರೆ ಕೆಲಸ ಶುರುವಾಗುವ ಮೊದಲೇ ದಾರಿ ತಪ್ಪಿದ್ದರೆ ಯಾರಾದರೂ ಹೇಳುತ್ತಾರೆ.

ಕೋಡ್ ಬರೆಯುವಾಗ ಕೋಬ್ರಾಪೈಯ ಒಂದು ಪದ್ಧತಿಯನ್ನು ಮರೆಯಬಾರದು. ಪೈಥಾನ್‌ನ ವಿತ್ ಎಂಬ ಬ್ಲಾಕಿನೊಳಗೆ ಮಾದರಿಗೆ ಮಾಡಿದ ಬದಲಾವಣೆಗಳು ಹೊರಬರುವಾಗ ತಾವಾಗಿಯೇ ಹಿಂದಕ್ಕೆ ಹೋಗುತ್ತವೆ. ಒಳಗೆ ಆಮ್ಲಜನಕ ಮುಚ್ಚಿ ಲೆಕ್ಕ ಮಾಡಿದರೆ 0.212, ಹೊರಗೆ ಬಂದು ಮತ್ತೆ ಲೆಕ್ಕ ಮಾಡಿದರೆ 0.874. ಇಡೀ ಮಾದರಿಯನ್ನು ಪ್ರತಿಸಲ ನಕಲು ಮಾಡುವ ಅಗತ್ಯ ಇಲ್ಲ, ದೊಡ್ಡ ಮಾದರಿಗಳಲ್ಲಿ ಇದರಿಂದ ತುಂಬಾ ಸಮಯ ಉಳಿಯುತ್ತದೆ. ನೀವು ಬರೆಯುವ ಫಂಕ್ಷನ್ ಕೂಡ ಹಾಗೇ ಇರಬೇಕು. ಮಿತಿಗಳನ್ನು ಬದಲಿಸಿ ಹಾಗೇ ಬಿಟ್ಟು ಹೋದರೆ ಬಳಸುವವರ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಫಂಕ್ಷನ್ ಓಡುವ ಮುಂಚೆ ಮತ್ತು ನಂತರ ಬೆಳವಣಿಗೆ ಒಂದೇ ಇದೆಯಾ ಎಂದು ನೋಡುವ ಒಂದು ಟೆಸ್ಟ್ ಸೇರಿಸಿ. ಅದು ಎರಡು ಸಾಲಿನ ಕೆಲಸ.

ಪುಲ್ ರಿಕ್ವೆಸ್ಟ್, ಅಂದರೆ ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸುವಾಗ ಒಂದಕ್ಕೆ ಒಂದೇ ವಿಷಯ. ಕೋಬ್ರಾಪೈಯಲ್ಲಿ ಮುಂದಿನ ಬಿಡುಗಡೆಯ ಟಿಪ್ಪಣಿಗೆ ಒಂದು ಫೈಲ್ ಇದೆ, ನೀವು ಏನು ಬದಲಿಸಿದಿರಿ ಎಂದು ಅಲ್ಲಿ ಒಂದು ಸಾಲು ಬರೆಯಬೇಕು. ಉತ್ತರ ಬರುವುದು ತಡವಾಗಬಹುದು. ಆ ಕಡೆ ಇರುವವರಿಗೆ ಪ್ರಯೋಗ, ಪಾಠ, ಪ್ರಬಂಧ ಎಲ್ಲ ಇರುತ್ತದೆ. ಕೆಲವು ವಾರ ಕಾದು ಮೃದುವಾಗಿ ಒಮ್ಮೆ ನೆನಪಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಐ ಬರೆದುಕೊಟ್ಟ ಕೋಡ್ ಕಳಿಸುವುದಾದರೆ ಅದರ ಪ್ರತಿ ಸಾಲು ಯಾಕಿದೆ ಎಂದು ನಿಮಗೆ ಗೊತ್ತಿರಲೇಬೇಕು. ನ್ಯಾನ್‌ನಂಥ ತಪ್ಪು ಅಂಥ ಕೋಡ್‌ನಲ್ಲೂ ಅಷ್ಟೇ ಸಲೀಸಾಗಿ ನುಸುಳುತ್ತದೆ, ಅದನ್ನು ಹಿಡಿಯುವ ಹೊರೆ ಪರಿಶೀಲಿಸುವವರ ತಲೆ ಮೇಲೆ ಬೀಳಬಾರದು.

ಮಾರ್ಗದರ್ಶಕರ ಜೊತೆ ಓಪನ್ ಸೋರ್ಸ್ ಕೋಡ್ ಬರೆಯುವ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ. 2022ರಿಂದ ಅದು ವಿದ್ಯಾರ್ಥಿಗಳಿಗಷ್ಟೇ ಅಲ್ಲ, 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರಿಗಾದರೂ ತೆರೆದಿದೆ. ಜೀವಶಾಸ್ತ್ರದ ತಂತ್ರಾಂಶಗಳ ಗುಂಪುಗಳೂ ಅದರಲ್ಲಿ ಭಾಗವಹಿಸಿವೆ. ಅರ್ಜಿ ಹಾಕುವ ಯೋಚನೆ ಇದ್ದರೆ ಅರ್ಜಿಗಿಂತ ಮೊದಲು ಒಂದು ಚಿಕ್ಕ ಪುಲ್ ರಿಕ್ವೆಸ್ಟ್ ಮಾಡಿ. ಅರ್ಜಿಯಲ್ಲಿ "ಇದನ್ನು ಸೇರಿಸುತ್ತೇನೆ" ಎಂಬುದರ ಜೊತೆಗೆ "ಸರಿಯಾಗಿದೆ ಎಂದು ಹೀಗೆ ಪರೀಕ್ಷಿಸುತ್ತೇನೆ" ಎಂದು ಬರೆಯಿರಿ. ಯಾವ ಮಾದರಿ, ಯಾವ ಸಂಖ್ಯೆ ಬರಬೇಕು, ಯಾವ ಎರಡು ಸಾಲ್ವರ್. ಹೀಗೆ ಬರೆದವರಿಗೆ ವಿಷಯ ಗೊತ್ತು ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ.

ಕೋಡ್ ಬರದಿದ್ದರೆ

ಜೀವಶಾಸ್ತ್ರ ಓದುತ್ತಿದ್ದು ಪ್ರೋಗ್ರಾಮಿಂಗ್ ಅಷ್ಟಾಗಿ ಬರದವರಿಗೂ ಕೆಲಸ ಇದೆ. ಬಹುಶಃ ಅವರ ಕೊರತೆಯೇ ಜಾಸ್ತಿ. ಯೀಸ್ಟ್‌ನ ಮಾದರಿ ಯೀಸ್ಟ್-ಜೆಮ್, ಮನುಷ್ಯನ ಮಾದರಿ ಹ್ಯೂಮನ್-ಜೆಮ್, ಇವೆರಡೂ ಗಿಟ್‌ಹಬ್‌ನಲ್ಲೇ ಬೆಳೆಯುತ್ತಿವೆ. ಅಲ್ಲಿ ಇಶ್ಯೂ ಎಂದರೆ ಕೋಡಿನ ಬಗ್ ಆಗಿರಬೇಕಿಲ್ಲ. ಒಂದು ಕ್ರಿಯೆಯ ಎರಡು ಕಡೆ ಪರಮಾಣುಗಳ ಲೆಕ್ಕ ಹೊಂದುತ್ತಿಲ್ಲ ಎನ್ನುವುದಿರಬಹುದು. ಒಂದು ಕಿಣ್ವಕ್ಕೆ ತಪ್ಪು ಜೀನ್ ಜೋಡಿಸಿದ್ದಾರೆ ಎನ್ನುವುದಿರಬಹುದು. ಒಂದು ಹೈಡ್ರೋಜನ್ ಅಯಾನು ಬಿಟ್ಟುಹೋದರೂ ಮಾದರಿ ಎಲ್ಲಿಂದಲೋ ಪುಕ್ಕಟೆ ಶಕ್ತಿ ಹುಟ್ಟಿಸಿಕೊಳ್ಳಬಹುದು. ಕೋಬ್ರಾಪೈಯಲ್ಲಿ ಒಂದೊಂದು ಕ್ರಿಯೆಯ ಪರಮಾಣು ಲೆಕ್ಕ ನೋಡಲು ಒಂದು ಫಂಕ್ಷನ್ ಇದೆ. ಎಲ್ಲ ಸರಿ ಇದ್ದರೆ ಅದು ಖಾಲಿ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಯಾವ ಧಾತು ಎಷ್ಟು ಹೆಚ್ಚು ಕಡಿಮೆ ಎಂದು ಹೇಳುತ್ತದೆ. ಇಡೀ ಮಾದರಿಗೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಮಾಡಿ ವರದಿ ಕೊಡುವುದು ಮೆಮೋಟ್. ಅದರ ಪ್ರಬಂಧ 2020ರಲ್ಲಿ ಪ್ರಕಟವಾಯಿತು.

ಇಂಥ ಇಶ್ಯೂ ಬರೆಯುವಾಗ ಕ್ರಿಯೆಯ ಗುರುತು, ಈಗ ಮಾದರಿಯಲ್ಲಿರುವುದು, ನೀವು ಇರಬೇಕು ಎನ್ನುವುದು, ಅದಕ್ಕೆ ಆಧಾರವಾದ ಸಂಶೋಧನಾ ಪ್ರಬಂಧ, ಇಷ್ಟನ್ನೂ ಕೊಡಿ. ಬದಲಾವಣೆಗೆ ಮೊದಲು ಮತ್ತು ನಂತರ ಬೆಳವಣಿಗೆ ಎಷ್ಟು ಬಂತು ಎಂಬುದನ್ನೂ ಸೇರಿಸಿ. ಆಮ್ಲಜನಕ ಇದ್ದಾಗ, ಇಲ್ಲದಾಗ, ಎರಡನ್ನೂ ಓಡಿಸಿ ನೋಡಿ ಬರೆದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ಒಂದರಲ್ಲಿ ಕಾಣದ ತಪ್ಪು ಇನ್ನೊಂದರಲ್ಲಿ ಕಾಣುತ್ತದೆ.